ಕಡಲ ತಳದ ಮೆಟ್ಟಿಲು

ನೀರಿನೊಳಗೆ ಕಲ್ಲಿನ ಮೆಟ್ಟಿಲು ಕಂಡಿತಂತೆ ಎಂದು ಯಾರಾದರೂ ಹೇಳಿದರೆ ಸಾಕು, ಊಟಕ್ಕೆ ಕೂತವರು ತುತ್ತನ್ನು ಕೈಯಲ್ಲೇ ಹಿಡಿದು ಕಿವಿಗೊಡುತ್ತಾರೆ. ಅದೇ ಮೆಟ್ಟಿಲು ನೆಲದ ಮೇಲಿದ್ದರೆ ತಿರುಗಿ ನೋಡುವವರು ಕಡಿಮೆ. ನಮ್ಮ ಊರೂರಿನ ಕಲ್ಯಾಣಿಗಳಲ್ಲಿ, ಯಾರೋ ಪುಣ್ಯಾತ್ಮರು ಅಳತೆ ತಪ್ಪದೆ ಕೂರಿಸಿದ ಮೆಟ್ಟಿಲುಗಳು ಹುಲ್ಲು ಬೆಳೆದು ಬಿದ್ದಿವೆ. ಮುಳುಗಿದ್ದಕ್ಕೆ ಇರುವ ಸೆಳೆತವೇ ಬೇರೆ. ಲಿಂಗನಮಕ್ಕಿ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಅದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಅದನ್ನು ಯಾರು ಕಟ್ಟಿದರು, ಏಕೆ ಮುಳುಗಿತು ಎಂಬುದೆಲ್ಲ ಕಡತದಲ್ಲಿದೆ. ಕಡತವೇ ಇಲ್ಲದ ಕಲ್ಲು ಕಡಲ ತಳದಲ್ಲಿ ಕಂಡಾಗಲೇ ತಕರಾರು ಶುರುವಾಗುವುದು.

ಅಂಥ ಕಲ್ಲುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಜಪಾನಿನದು. ಆ ದೇಶದ ಪಶ್ಚಿಮದ ಕಟ್ಟಕಡೆಯ ದ್ವೀಪ ಯೊನಗುನಿ. ತೈವಾನಿನ ಕರಾವಳಿ ಅಲ್ಲಿಂದ ಬರೀ 110 ಕಿಲೊಮೀಟರ್ ಆಸುಪಾಸು. ಟೋಕಿಯೊ ಎಲ್ಲೋ ದೂರದ ಮಾತು. ಚಳಿಗಾಲದಲ್ಲಿ ಅಲ್ಲಿನ ಕಡಲಿಗೆ ಸುತ್ತಿಗೆಯಂಥ ತಲೆಯ ಶಾರ್ಕ್‌ಗಳು ಹಿಂಡುಹಿಂಡಾಗಿ ಬರುತ್ತವೆ. ಕಿಹಾಚಿರೊ ಅರಾತಾಕೆ ಎಂಬ ಸ್ಥಳೀಯರು ಪ್ರವಾಸಿಗರನ್ನು ನೀರಿಗಿಳಿಸಿ ಅವನ್ನು ತೋರಿಸುವ ಕೆಲಸ ಮಾಡುತ್ತಿದ್ದರು. 1986ರಲ್ಲಿ ಶಾರ್ಕ್ ನೋಡಲು ಹೊಸ ಜಾಗ ಹುಡುಕುತ್ತ ದ್ವೀಪದ ದಕ್ಷಿಣ ದಂಡೆಯ ಬಳಿ ಮುಳುಗಿದಾಗ ಅವರ ಕಣ್ಣಿಗೆ ಬಿದ್ದದ್ದು ಭಾರಿ ಜಗಲಿಯೊಂದು. ತಲೆ ನೀರಿನ ಮೇಲ್ಮೈಗಿಂತ 5 ಮೀಟರ್ ಕೆಳಗೆ, ಬುಡ 25 ಮೀಟರ್ ಆಳದಲ್ಲಿ. ಒಂದರ ಕೆಳಗೊಂದು ಅಗಲವಾದ ಪಾವಟಿಗೆಗಳು, ಗೆರೆ ಎಳೆದಂತೆ ಅಂಚು, ಮೂಲೆಮಟ್ಟ ಹಿಡಿದು ಕತ್ತರಿಸಿದಂತೆ ಮೂಲೆ. ಒಂದು ಕಡೆ ಎರಡು ಭಾರಿ ಕಲ್ಲುಗಳು ಅವಳಿಗಳಂತೆ ಅಕ್ಕಪಕ್ಕ ನಿಂತಿವೆ. ಅರಾತಾಕೆಯವರು ಆ ಜಾಗಕ್ಕೆ ಅವಶೇಷದ ತಾಣ ಎಂದೇ ಹೆಸರಿಟ್ಟರು. ಆ ನೀರಿನಲ್ಲಿ ಸೆಳೆತ ಜೋರು. ಅದರ ನಡುವೆ ಅಂಥದ್ದೊಂದು ಎದುರಿಗೆ ಬಂದು ನಿಂತರೆ ಯಾರಿಗಾದರೂ ಮೊದಲು ಬರುವ ಯೋಚನೆ ಅದೇ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಯೊನಗುನಿಯ ವಿಡಿಯೊ ನೋಡಿದ ಮೇಲೆ ಅವರಿಗೆ ಮನುಷ್ಯನೇ ಕಟ್ಟಿದ್ದು ಎಂಬ ನಂಬಿಕೆ ಗಟ್ಟಿಯಾಗಿಬಿಟ್ಟಿದೆ. "ನೀವೇ ಹೇಳಿ ಸ್ವಾಮಿ, ಇಷ್ಟು ನೇರವಾಗಿ ಪ್ರಕೃತಿ ಯಾವತ್ತಾದರೂ ಗೆರೆ ಎಳೆದಿದೆಯಾ? ಮರ ಡೊಂಕು, ನದಿ ಡೊಂಕು, ಬೆಟ್ಟ ಡೊಂಕು. ನೇರ ಅನ್ನೋದು ಮನುಷ್ಯನ ಕೆಲಸ" ಎನ್ನುತ್ತಾರೆ. ಮೇಷ್ಟ್ರ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳುವುದಿಲ್ಲ, ಏಕೆಂದರೆ ವಿದ್ವಾಂಸರಲ್ಲೂ ಅದನ್ನು ಕೇಳಿದವರಿದ್ದಾರೆ. ರ್ಯೂಕ್ಯು ವಿಶ್ವವಿದ್ಯಾಲಯದ ಸಮುದ್ರ ಭೂವಿಜ್ಞಾನಿ ಮಸಾಕಿ ಕಿಮುರಾ ದಶಕಗಳ ಕಾಲ ಅಲ್ಲಿ ಮುಳುಗಿ ಅಳತೆ ತೆಗೆದು ನಕ್ಷೆ ಬರೆದವರು. ಅವರಿಗೆ ಅಲ್ಲಿ ಕೋಟೆ ಕಂಡಿತು, ದೇವಾಲಯಗಳು ಕಂಡವು, ರಸ್ತೆ ಕಂಡಿತು, ಕ್ರೀಡಾಂಗಣವೂ ಕಂಡಿತು. ಕಲ್ಲಿನ ಮೇಲೆ ಉಳಿಯ ಗುರುತುಗಳಿವೆ ಎಂದೂ ಹೇಳಿದರು. ಬಾಳಿನ ಬಹುಭಾಗವನ್ನು ಒಂದು ಬಂಡೆಗೆ ಕೊಟ್ಟ ಮನುಷ್ಯನ ಬಗ್ಗೆ ನನಗೆ ಗೌರವವಿದೆ. ಆದರೂ ಅವರ ತೀರ್ಮಾನವನ್ನು ನಾನು ಒಪ್ಪಲಾರೆ.

ಏಕೆ ಒಪ್ಪಲಾರೆ ಎಂಬುದಕ್ಕೆ ಮೊದಲು ಆ ಕಲ್ಲಿನ ಜಾತಕ ನೋಡಬೇಕು. ಅದು ಮರಳುಗಲ್ಲು ಮತ್ತು ಕೆಸರುಗಲ್ಲು. ಸುಮಾರು 2 ಕೋಟಿ ವರ್ಷದ ಹಿಂದೆ ನೀರಿನ ತಳದಲ್ಲಿ ಮರಳು, ಕೆಸರು ಒಂದರ ಮೇಲೊಂದು ಕೂತು ಗಟ್ಟಿಯಾದದ್ದು. ಹೀಗಾಗಿ ಅದರ ಮೈಯೆಲ್ಲ ಚಿರೋಟಿಯ ಹಾಗೆ ಪದರ ಪದರ. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವಿನ ಹಿಡಿತ ಸಡಿಲ. ಇನ್ನು ಆ ಪ್ರದೇಶವೋ ಭೂಕಂಪದ ತವರು. ನೆಲದಾಳದ ಒತ್ತಡಕ್ಕೆ ಸಿಕ್ಕ ಗಟ್ಟಿಕಲ್ಲು ಮನಸ್ಸಿಗೆ ಬಂದಂತೆ ಬಿರಿಯುವುದಿಲ್ಲ. ಒತ್ತಡದ ದಿಕ್ಕಿಗೆ ತಕ್ಕಂತೆ ಒಂದೇ ಕಡೆ ಮುಖ ಮಾಡಿದ ಸಾಲುಸಾಲು ಬಿರುಕು ಬಿಡುತ್ತದೆ. ಹಲವು ಸಲ ಅದಕ್ಕೆ ಅಡ್ಡಲಾಗಿ ಇನ್ನೊಂದು ಸಾಲು. ಮಲಗಿದ ಪದರ, ನಿಂತ ಬಿರುಕು, ಅದಕ್ಕೆ ಅಡ್ಡ ಬಿರುಕು ಇವು ಮೂರೂ ಕೂಡಿದಾಗ ಬಂಡೆಯೊಳಗೆ ಚೌಕದ ತುಂಡುಗಳು ಮೊದಲೇ ಸಿದ್ಧವಾಗಿರುತ್ತವೆ. ಅಲೆಯ ಕೆಲಸ ಅವುಗಳನ್ನು ಎಬ್ಬಿಸಿ ಒಯ್ಯುವುದಷ್ಟೇ. ತುಂಡು ಹೋದ ಜಾಗದಲ್ಲಿ ಉಳಿಯುವುದೇ ಮೆಟ್ಟಿಲು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಯೊನಗುನಿಯ ಜಗಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಲ್ಲ. ಅದರ ಬಹುಪಾಲು ತಳದ ಹಾಸುಬಂಡೆಯದೇ ಮುಂದುವರಿದ ಭಾಗ, ಒಂದೇ ಮೈ. ರಾಬರ್ಟ್ ಶಾಕ್ ಎಂಬ ಅಮೆರಿಕದ ಭೂವಿಜ್ಞಾನಿ 1997ರಲ್ಲಿ ಅಲ್ಲಿ ಮುಳುಗಿ ನೋಡಿದರು. ಇವರು ಹಳೆಯ ನಾಗರಿಕತೆಯ ಮಾತೆಂದರೆ ಮೂಗು ಮುರಿಯುವವರಲ್ಲ. ಈಜಿಪ್ಟಿನ ಸ್ಫಿಂಕ್ಸ್ ಜನ ತಿಳಿದದ್ದಕ್ಕಿಂತ ಸಾವಿರಾರು ವರ್ಷ ಹಳೆಯದು ಎಂದು ವಾದಿಸಿ ಇತರ ವಿದ್ವಾಂಸರ ವಿರೋಧ ಕಟ್ಟಿಕೊಂಡವರು. ಅಂಥವರೇ ಯೊನಗುನಿಯಿಂದ ಮೇಲೆ ಬಂದು, ಇದು ಮುಖ್ಯವಾಗಿ ಪ್ರಕೃತಿಯ ಕೆಲಸ ಎಂದರು. ಅದೇ ದ್ವೀಪದ ದಂಡೆಯ ಮೇಲೆ, ಬಿಸಿಲಿನಲ್ಲೇ, ಅಂಥದೇ ಪಾವಟಿಗೆಗಳು ಅಲೆಗೆ ಸಿಕ್ಕಿ ರೂಪುಗೊಳ್ಳುತ್ತಿರುವುದನ್ನೂ ಅವರು ಎತ್ತಿ ತೋರಿಸಿದರು. ಕಿಮುರಾ ಅವರ ಕಾಲದ ಲೆಕ್ಕವೂ ನಿಂತಲ್ಲಿ ನಿಲ್ಲಲಿಲ್ಲ. ಮೊದಲು 10,000 ವರ್ಷ ಎಂದರು, 2007ರ ಹೊತ್ತಿಗೆ ಅದನ್ನು 2,000ದಿಂದ 3,000 ವರ್ಷಕ್ಕೆ ಇಳಿಸಿದರು. ಜಪಾನ್ ಸರ್ಕಾರದ ಸಂಸ್ಕೃತಿ ಇಲಾಖೆಯಾಗಲಿ, ಒಕಿನಾವಾ ಆಡಳಿತವಾಗಲಿ ಅದನ್ನು ಪುರಾತನ ಸ್ಮಾರಕವೆಂದು ಒಪ್ಪಿಲ್ಲ.

ಮನುಷ್ಯನ ಕೈ ಯಾವುದು, ಕಾಲದ ಕೈ ಯಾವುದು ಎಂದು ಕಲಿಯಲು ಕನ್ನಡಿಗರು ಜಪಾನಿಗೆ ಹೋಗಬೇಕಾಗಿಲ್ಲ. ಹಂಪಿಗೆ ಹೋದರೆ ಸಾಕು. ಎರಡೂ ಒಂದೇ ಬಂಡೆಯ ಮೇಲೆ ಕಾಣುತ್ತವೆ. ಮಾತಂಗ ಬೆಟ್ಟದ ಸುತ್ತ ಒಂದರ ಮೇಲೊಂದು ಪೇರಿಸಿದಂತೆ ನಿಂತ ಗುಂಡುಗಳನ್ನು ನೋಡಿದವರೆಲ್ಲ, ಇವನ್ನು ಯಾರು ಎತ್ತಿಟ್ಟರು ಎಂದು ಕೇಳಿಯೇ ಕೇಳುತ್ತಾರೆ. ವಾಲಿ ಸುಗ್ರೀವರು ಕಾದಾಡುವಾಗ ಎಸೆದ ಬಂಡೆಗಳು ಎಂಬ ಉತ್ತರ ಆ ಸೀಮೆಯಲ್ಲಿ ಬಹಳ ಹಳೆಯದು. ಯಾರೂ ಎತ್ತಿಡಲಿಲ್ಲ; ಇದ್ದ ಒಂದೇ ಗ್ರಾನೈಟ್ ಬೆಟ್ಟ ಅಡ್ಡಡ್ಡ ಉದ್ದುದ್ದ ಬಿರುಕು ಬಿಟ್ಟು, ಬಿರುಕಿಗೆ ನೀರು ಇಳಿದು, ತುಂಡುಗಳ ಮೂಲೆಗಳು ಕೊಳೆತು ಉದುರಿ, ತಿರುಳು ಗುಂಡಾಗಿ ಅಲ್ಲಲ್ಲೇ ಉಳಿಯಿತು.

ಈಗ ಅದೇ ಬಂಡೆಗಳ ಹತ್ತಿರ ಬಗ್ಗಿ ನೋಡಿ. ವಿಠ್ಠಲ ದೇವಾಲಯದ ಕಡೆಗೆ ನದಿಯ ಪಕ್ಕದಲ್ಲೇ ನಡೆಯುವಾಗ ಅರ್ಧ ಸೀಳಿದ ಗುಂಡುಗಳು ಎಷ್ಟೋ ಸಿಗುತ್ತವೆ. ಸೀಳಿದ ಅಂಚಿನ ಉದ್ದಕ್ಕೂ ಬೆರಳು ಹೋಗುವಷ್ಟು ಉದ್ದುದ್ದ ಕುಳಿಗಳು, ಒಂದೇ ಅಳತೆ, ಒಂದೇ ಅಂತರ, ಒಂದೇ ಸಾಲು. ಕೆಲವು ಬಂಡೆಗಳಲ್ಲಿ ಕುಳಿ ಕೊರೆದಿದ್ದಾರೆ, ಸೀಳಿಲ್ಲ. ಕೆಲಸ ಅಷ್ಟಕ್ಕೇ ನಿಂತಿದೆ. ಆ ಕುಳಿಗಳಲ್ಲಿ ಬೆಣೆ ಬಡಿದು ಕಲ್ಲು ಎಬ್ಬಿಸುತ್ತಿದ್ದರು. ಒಣಮರದ ಬೆಣೆಗೆ ನೀರು ಕುಡಿಸಿದರೆ ಅದು ಉಬ್ಬಿ ಬಂಡೆಯನ್ನೇ ಸೀಳುತ್ತದೆ ಎನ್ನುತ್ತಾರೆ. ಅಲ್ಲಿಯ ಹಿರಿಯ ಕಲ್ಲುಕುಟಿಗರೊಬ್ಬರು ನನಗೆ ಹೇಳಿದ ಮಾತು ಈ ಇಡೀ ವಿವಾದದ ಗಂಟನ್ನೇ ಬಿಚ್ಚುತ್ತದೆ: "ಕಲ್ಲಿನ ಮೈಯಾಗ ಬಿರುಕು ಮೊದ್ಲ ಇರ್ತೈತ್ರಿ. ನಾವು ಅದನ್ನ ಹುಡುಕಿ ಬೆಣಿ ಹೊಡೀತೀವಿ, ಅಷ್ಟ." ಅಲೆ ಮಾಡುವುದೂ ಅದನ್ನೇ. ಕಲ್ಲು ಕುಟ್ಟುವವನೂ ಕಡಲೂ ಒಂದೇ ಬಿರುಕಿನಲ್ಲಿ ಕೆಲಸ ಮಾಡುತ್ತಾರೆ. ಅದಕ್ಕೇ ಇಬ್ಬರ ಕೆಲಸವೂ ದೂರದಿಂದ ಒಂದೇ ಥರ ಕಾಣುತ್ತದೆ. ನೇರ ಅಂಚು ಇಬ್ಬರಿಗೂ ಸಾಧ್ಯ. ಸಮ ಅಂತರದ ಕುಳಿಸಾಲು ಮಾತ್ರ ಮನುಷ್ಯನಿಗೇ ಸಾಧ್ಯ, ಏಕೆಂದರೆ ಅವನು ಎಣಿಸುತ್ತಾನೆ.

ಪ್ರಕೃತಿಗೆ ನೇರ ಗೆರೆ ಬರುವುದಿಲ್ಲ ಎನ್ನುವವರನ್ನು ನಾನು ಮಲ್ಪೆಯಿಂದ ದೋಣಿ ಹತ್ತಿಸಿ ಸೇಂಟ್ ಮೇರೀಸ್ ದ್ವೀಪಕ್ಕೆ ಕಳಿಸುತ್ತೇನೆ. ಅಲ್ಲಿಯ ಕಂಬಗಳು ಐದು ಮುಖ, ಆರು ಮುಖದವು. ಒತ್ತೊತ್ತಾಗಿ, ಒಂದೇ ದಪ್ಪಕ್ಕೆ ನಿಂತಿವೆ. ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷದ ಹಿಂದೆ, ಉಕ್ಕಿ ಬಂದ ಲಾವಾ ಆರುತ್ತ ಕುಗ್ಗಿ ಬಿರಿದಾಗ ಆದ ಕಂಬಗಳವು. ಆಗ ಮನುಷ್ಯನ ಸುಳಿವೇ ಇರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಆ ದ್ವೀಪವೇನಾದರೂ 20 ಮೀಟರ್ ಕೆಳಗೆ ಮುಳುಗಿದ್ದರೆ, ಅದನ್ನು ಕಂಬಸಾಲಿನ ಅರಮನೆ ಎಂದು ತೋರಿಸುವ ವಿಡಿಯೊ ನಮ್ಮ ಮೇಷ್ಟ್ರ ಮೊಬೈಲಿಗೂ ಬಂದಿರುತ್ತಿತ್ತು.

ಬಹಾಮಾಸ್‌ನ ಬಿಮಿನಿ ರಸ್ತೆಯ ಸುದ್ದಿಯನ್ನು ಬೇಗ ಮುಗಿಸುತ್ತೇನೆ. ಎಡ್ಗರ್ ಕೇಸಿ ಎಂಬಾತ, 1968 ಅಥವಾ 69ರಲ್ಲಿ, ಕಡಲಲ್ಲಿ ಮುಳುಗಿಹೋದ ನಾಡೆಂದು ಕಥೆಯಿರುವ ಅಟ್ಲಾಂಟಿಸ್‌ನ ಒಂದು ಭಾಗ ಮೇಲೇಳುತ್ತದೆ ಎಂದು 1940ರಲ್ಲೇ ನುಡಿದಿದ್ದ. 1968ರ ಸೆಪ್ಟೆಂಬರಿನಲ್ಲಿ ಬಿಮಿನಿಯ ಬಳಿ ಐದಾರು ಮೀಟರ್ ಆಳದಲ್ಲಿ, ಸುಮಾರು 800 ಮೀಟರ್ ಉದ್ದದ ಚಪ್ಪಡಿ ಸಾಲು ಕಂಡಿತು. ಭವಿಷ್ಯ ನಿಜವಾಯಿತೆಂದು ಜನ ಹಿಗ್ಗಿದರು. ಅಮೆರಿಕದ ಭೂವಿಜ್ಞಾನಿ ಯುಜೀನ್ ಶಿನ್ ಕಲ್ಲಿಗೆ ರಂಧ್ರ ಕೊರೆದು ಒಳತಿರುಳು ತೆಗೆದು ನೋಡಿದರು. ಒಂದು ಚಪ್ಪಡಿಯ ಪದರ ಪಕ್ಕದ ಚಪ್ಪಡಿಗೂ ಅದೇ ಓರೆಯಲ್ಲಿ ಮುಂದುವರಿದಿತ್ತು. ಬೇರೆಡೆಯಿಂದ ತಂದು ಜೋಡಿಸಿದ್ದರೆ ಹಾಗೆ ಆಗುವುದು ಸಾಧ್ಯವೇ ಇಲ್ಲ. ಅದು ಕಡಲ ದಂಡೆಯ ಮರಳೇ ಸುಣ್ಣದ ಅಂಟಿನಿಂದ ಬೆಸೆದುಕೊಂಡು ಆಮೇಲೆ ಬಿರಿದ ಕಲ್ಲು. ಈ ಬಗೆಯ ದಂಡೆಗಲ್ಲು ಎಷ್ಟು ಬೇಗ ಗಟ್ಟಿಯಾಗುತ್ತದೆಂದರೆ ಅದರೊಳಗೆ ಈ ಕಾಲದ ಬಾಟಲಿ ಚೂರುಗಳು ಸಿಕ್ಕಿಕೊಂಡ ಉದಾಹರಣೆಗಳಿವೆ.

ಗ್ರೀಸಿನ ಜಕಿಂಥೋಸ್ ದ್ವೀಪದ್ದು ನನಗೆ ಅದಕ್ಕಿಂತ ಪ್ರಿಯವಾದ ಕಥೆ. 2013ರಲ್ಲಿ ಅಲ್ಲಿ ಈಜಲು ಹೋದವರಿಗೆ 2ರಿಂದ 5 ಮೀಟರ್ ಆಳದಲ್ಲಿ ನೆಲಗಟ್ಟು, ಅಂಗಳ, ನಡುವೆ ತೂತಿರುವ ಕಂಬದ ಪೀಠಗಳು ಕಂಡವು. ಗ್ರೀಸ್ ಎಂದಮೇಲೆ ಇನ್ನೇನು, ಮುಳುಗಿದ ಪಟ್ಟಣವೇ ಇರಬೇಕು. ಆದರೆ ಪಟ್ಟಣ ಎಂದಮೇಲೆ ಅಲ್ಲಿ ಮಡಕೆ ಚೂರು ಬೇಕಲ್ಲ? ಒಂದೂ ಸಿಗಲಿಲ್ಲ. 2016ರಲ್ಲಿ ಗ್ರೀಕ್ ಮತ್ತು ಬ್ರಿಟಿಷ್ ವಿಜ್ಞಾನಿಗಳು ಕಲ್ಲಿನ ಖನಿಜವನ್ನು ಪರೀಕ್ಷಿಸಿದಾಗ ತಿಳಿದದ್ದು: ನೆಲದಾಳದಿಂದ ಬಿರುಕಿನ ಗುಂಟ ಮೀಥೇನ್ ಅನಿಲ ಒಸರುತ್ತಿತ್ತು, ಅದನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳು ಸುತ್ತಲಿನ ಕೆಸರನ್ನು ಗಟ್ಟಿ ಕಲ್ಲಾಗಿಸಿದವು. ಅನಿಲ ಮೇಲೇರಿದ ದಾರಿಯೇ ನಡುವಿನ ತೂತು. ಕಂಬದ ಪೀಠ ಮಾಡಿದವರು ಕಣ್ಣಿಗೆ ಕಾಣದ ಜೀವಿಗಳು, ಅದೂ ಲಕ್ಷಾಂತರ ವರ್ಷಗಳ ಹಿಂದೆ. ಮುಳುಗಿದ ಪಟ್ಟಣ ಸಿಕ್ಕಿದ್ದರೂ ನನಗೆ ಇಷ್ಟು ರೋಮಾಂಚನ ಆಗುತ್ತಿರಲಿಲ್ಲ. ಮನುಷ್ಯನ ಕೈಯದಲ್ಲ ಎಂದು ಗೊತ್ತಾದೊಡನೆ ಮುಖ ಸಪ್ಪೆ ಮಾಡಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಷ್ಟೆಲ್ಲ ಹೇಳಿದೆನೆಂದು ಕಡಲ ತಳದಲ್ಲಿ ಮನುಷ್ಯನ ಕುರುಹೇ ಇಲ್ಲ ಎಂದು ಯಾರೂ ತಿಳಿಯಬಾರದು. ಬೇಕಾದಷ್ಟಿದೆ. ಸುಮಾರು 20,000 ವರ್ಷದ ಹಿಂದೆ ಲೋಕದ ನೀರು ಮಂಜುಗಡ್ಡೆಯಾಗಿ ನೆಲದ ಮೇಲೆ ಹೆಪ್ಪುಗಟ್ಟಿದ್ದಾಗ ಕಡಲಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಅಂದು ಜನ ಓಡಾಡಿದ ವಿಶಾಲವಾದ ದಂಡೆಗಳೆಲ್ಲ ಇಂದು ನೀರಡಿ ಇವೆ. ಗ್ರೀಸಿನದೇ ಪಾವ್ಲೊಪೆಟ್ರಿಯನ್ನು ನೋಡಿ: 1967ರಲ್ಲಿ ನಿಕೊಲಸ್ ಫ್ಲೆಮಿಂಗ್ ಗುರುತಿಸಿದ ಈ ಊರು ಬರೀ 3, 4 ಮೀಟರ್ ಆಳದಲ್ಲಿದೆ. ಬೀದಿಗಳಿವೆ, ಮನೆಗಳ ತಳಪಾಯವಿದೆ, ಗೋರಿಗಳಿವೆ, ಮಡಕೆ ಚೂರುಗಳು ರಾಶಿ ಬಿದ್ದಿವೆ. ಇಸ್ರೇಲಿನ ಕರಾವಳಿಯ ಅಟ್ಲಿಟ್ ಯಾಮ್ ಇನ್ನೂ ಹಳೆಯದು, 8,000 ವರ್ಷ ಮೀರಿದ್ದು. ಅಲ್ಲಿ ಕಲ್ಲು ಕಟ್ಟಿದ ಬಾವಿಯಿದೆ, ಮೀನಿನ ಮೂಳೆಯಿದೆ. ಕ್ಷಯದ ಗುರುತು ಮೂಳೆಗಳಲ್ಲೇ ಉಳಿದ ತಾಯಿ ಮತ್ತು ಎಳೆಗೂಸಿನ ಅಸ್ಥಿಗಳೂ ಸಿಕ್ಕಿವೆ. ಬಾವಿ, ಎಂಜಲು, ರೋಗ, ಸಾವು. ಮನುಷ್ಯ ಇದ್ದಾನೆಂದರೆ ಇವೆಲ್ಲ ಇರಲೇಬೇಕು. ಯೊನಗುನಿಯ ಆ ಭವ್ಯ ಜಗಲಿಯ ಮೇಲೆ ಒಂದು ಒಲೆಯ ಬೂದಿಯೂ ಸಿಕ್ಕಿಲ್ಲ.

ಬಾಲ್ಟಿಕ್ ಸಮುದ್ರದಲ್ಲಿ ಸಿಕ್ಕದ್ದಂತೂ ಕಣ್ಣಿಗೆ ಏನೇನೂ ಅಲ್ಲ. ಜರ್ಮನಿಯ ಮೆಕ್ಲೆನ್‌ಬರ್ಗ್ ಕೊಲ್ಲಿಯಲ್ಲಿ 2021ರಲ್ಲಿ ವಿದ್ಯಾರ್ಥಿಗಳ ಜೊತೆ ಹಡಗಿನಲ್ಲಿ ಹೊರಟ ಸಂಶೋಧಕರು ಧ್ವನಿತರಂಗದಿಂದ ತಳದ ನಕ್ಷೆ ತೆಗೆಯುತ್ತಿದ್ದಾಗ, 21 ಮೀಟರ್ ಆಳದಲ್ಲಿ ಕಲ್ಲಿನ ಸಾಲೊಂದು ಮೂಡಿತು. ಉದ್ದ 971 ಮೀಟರ್, ಎತ್ತರ ಹೆಚ್ಚಿನ ಕಡೆ 1 ಮೀಟರಿಗೂ ಕಡಿಮೆ, ಒಟ್ಟು 1,673 ಕಲ್ಲು. ಮೆಟ್ಟಿಲಿಲ್ಲ, ಮೂಲೆಯಿಲ್ಲ. ಯಾವ ಹೊಲದ ಬದುವಿನಲ್ಲೂ ಕಾಣುವಂಥ ಗುಂಡುಕಲ್ಲುಗಳು. ಆದರೆ ಅಲ್ಲಾಡಿಸಲಾಗದ ದೊಡ್ಡ ಗುಂಡುಗಳು ಎಲ್ಲಿದ್ದವೋ ಅಲ್ಲೇ ಇವೆ. ಒಂದು ದೊಡ್ಡ ಗುಂಡಿನಿಂದ ಇನ್ನೊಂದರ ತನಕದ ಖಾಲಿ ಜಾಗವನ್ನು ಸಣ್ಣ ಕಲ್ಲುಗಳು ತುಂಬಿವೆ. ಹಿಮನದಿ ಹಾಗೆ ಜೋಡಿಸುವುದಿಲ್ಲ, ಪ್ರವಾಹವೂ ಜೋಡಿಸುವುದಿಲ್ಲ. ವಿಜ್ಞಾನಿಗಳು ಒಂದೊಂದೇ ಸ್ವಾಭಾವಿಕ ಕಾರಣವನ್ನು ಹಿಡಿದು, ಪರೀಕ್ಷಿಸಿ, ಕೈಬಿಟ್ಟು, 2024ರಲ್ಲಿ ತೀರ್ಮಾನ ಪ್ರಕಟಿಸಿದರು: 10,000 ವರ್ಷಕ್ಕೂ ಹಿಂದೆ ಬೇಟೆಗಾರರು ಹಿಮಸಾರಂಗಗಳನ್ನು ಒಂದು ಕಡೆಗೆ ಅಟ್ಟಲು ಹಾಕಿದ ಬೇಲಿಗೋಡೆ ಇದಾಗಿರಬೇಕು. ದೊಡ್ಡದನ್ನು ಬಿಟ್ಟು ಸಣ್ಣದನ್ನು ಮಾತ್ರ ಹೊತ್ತು ತಂದ ಆ ಜನರ ಬೆವರು, ಲೆಕ್ಕಾಚಾರ ಎರಡೂ ನನಗೆ ಆ ಸಾಲಿನಲ್ಲಿ ಕಾಣುತ್ತವೆ. ಹಿಂದಿನವರ ಬಗ್ಗೆ ಅಭಿಮಾನ ಇರುವವರು ಅಭಿಮಾನ ಪಡಬೇಕಾದದ್ದು ಇಂಥದಕ್ಕೆ.

ನಮ್ಮ ದೇಶದಲ್ಲಿ, ಕಡಲ ತಳದಲ್ಲಿ ಹಿಂದಿನವರ ಕುರುಹು ಹುಡುಕುವ ಈ ವಿದ್ಯೆಗೆ ಅಡಿಪಾಯ ಹಾಕಿದವರು ಕನ್ನಡಿಗರು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಲೋಥಲ್ ಉತ್ಖನನ ಮಾಡಿದ ಎಸ್. ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್, 1981ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವ ಕೇಂದ್ರ ಕಟ್ಟಿ, ಕೆಲವೇ ವರ್ಷದಲ್ಲಿ ದ್ವಾರಕೆಯ ಕಡಲಿಗೆ ಇಳಿದರು. ಅಲ್ಲಿ ಸಿಕ್ಕ ಗೋಡೆಗಳ ಕಾಲದ ಬಗ್ಗೆ ಮುಂದಿನ ಸಂಶೋಧಕರು ಅವರೊಡನೆ ಒಮ್ಮತಕ್ಕೆ ಬರಲಿಲ್ಲ. ಬಹಳಷ್ಟನ್ನು ಈಚಿನ ಐತಿಹಾಸಿಕ ಕಾಲದ ಬಂದರಿಗೆ ಸೇರಿಸಿದರು. ಆದರೆ ಅಲ್ಲಿಯ ಕಲ್ಲಿನ ಲಂಗರುಗಳ ಬಗ್ಗೆ ಯಾರಿಗೂ ಅನುಮಾನವಿಲ್ಲ. ಮುಕ್ಕೋನದ ದಪ್ಪ ಕಲ್ಲು. ಮೇಲೆ ಹಗ್ಗ ಪೋಣಿಸಲು ದುಂಡನೆಯ ಒಂದು ತೂತು, ಕೆಳಗೆ ಮರದ ಗೂಟ ತೂರಿಸಲು ಚೌಕದ ಎರಡು ತೂತು. ಹಗ್ಗ ದುಂಡಗಿರುವುದರಿಂದ ದುಂಡು ತೂತು, ಗೂಟ ತಿರುಗಬಾರದೆಂದು ಚೌಕ ತೂತು. ಅದು ಯಾವುದಕ್ಕಾಗಿ ಎಂಬುದು ಕಲ್ಲಿನ ಮೈಮೇಲೇ ಬರೆದಂತಿದೆ. ಯಾವ ಅಲೆಯೂ ಅದನ್ನು ಮಾಡಲಾರದು.

ಖಂಭಾತ್ ಕೊಲ್ಲಿಯಲ್ಲಿ ಆದದ್ದು ಬೇರೆ. 2001ರಲ್ಲಿ, 30ರಿಂದ 40 ಮೀಟರ್ ಆಳದಲ್ಲಿ ಚೌಕ ಚೌಕದ ಆಕಾರಗಳು ಧ್ವನಿಚಿತ್ರದಲ್ಲಿ ಕಂಡವು. ತಳದಿಂದ ಬಾಚಿ ತೆಗೆದ ಮರದ ತುಂಡೊಂದಕ್ಕೆ ಸುಮಾರು 9,500 ವರ್ಷ ಎಂದು ಲೆಕ್ಕ ಬಂತು. ಮುಳುಗಿದ ನಗರದ ಗೋಡೆಗಳೇ ಸಿಕ್ಕವೆಂದು ದೇಶವೆಲ್ಲ ಸಂಭ್ರಮಪಟ್ಟಿತು. ಮರ ಅಷ್ಟು ಹಳೆಯದಿರಬಹುದು. ಆದರೆ ಅದು ಆ ಗೋಡೆಗಳೆಂದು ಹೇಳಿದವುಗಳ ಜೊತೆಗಿತ್ತೋ, ಯಾವುದೋ ನದಿ ತೇಲಿಸಿಕೊಂಡು ಬಂದು ಬಿಟ್ಟದ್ದೋ? ದೇಶದಲ್ಲೇ ಅತಿ ಬಿರುಸಿನ ಉಬ್ಬರವಿಳಿತ ಇರುವ, ಸದಾ ಕದಡಿದ ನೀರು ಅದು. ಬಾಚಿ ತೆಗೆದದ್ದರಿಂದ ಯಾವುದು ಯಾವುದರ ಪಕ್ಕದಲ್ಲಿತ್ತು ಎಂಬುದೇ ಅಳಿಸಿಹೋಯಿತು.

ಮೇಷ್ಟ್ರು ಕೊನೆಗೆ ಕೇಳುವುದು ರಾಮಸೇತುವಿನ ಬಗ್ಗೆ, ಅದೂ ದನಿ ತಗ್ಗಿಸಿ. ನಾನು ನೇರವಾಗಿಯೇ ಹೇಳುತ್ತೇನೆ: "ಮೇಷ್ಟ್ರೇ, ಧನುಷ್ಕೋಟಿಯಿಂದ ತಲೈಮನ್ನಾರ್‌ವರೆಗಿನ ಆ ಸಾಲು ಮರಳದಿಣ್ಣೆ, ಸುಣ್ಣಗಲ್ಲು, ಹವಳಗಳಿಂದ ಆದದ್ದು ಎಂದು ಭೂವಿಜ್ಞಾನ ಹೇಳುತ್ತದೆ. ತೇಲುವ ಕಲ್ಲುಗಳಲ್ಲಿ ಗಾಳಿ ಹೊಕ್ಕ ಹವಳವಿದೆ. ರಾಮನ ಮೇಲಿನ ಭಕ್ತಿಗೆ ಪ್ರಯೋಗಾಲಯದ ರಸೀದಿ ಬೇಕೇ?" ಅವರು ಒಪ್ಪುವುದಿಲ್ಲ, ನನ್ನ ಮೇಲೆ ಕೋಪವನ್ನೂ ಮಾಡಿಕೊಳ್ಳುವುದಿಲ್ಲ. ಅಜ್ಜಿ ಹೇಳಿದ ಕಥೆಯಲ್ಲಿ ಅಳಿಲು ತಂದ ಮರಳಿನ ಕಣಕ್ಕೆ ಇರುವ ಬೆಲೆಯನ್ನು ಯಾವ ಭೂವಿಜ್ಞಾನಿಯೂ ಕಡಿಮೆ ಮಾಡಲಾರ. ಆದರೆ ಆ ಬೆಲೆ ಇದೆಯೆಂದು ಕಲ್ಲಿನ ವಯಸ್ಸನ್ನು ನಾವು ಬದಲಿಸಲಾಗದು.

ನಮ್ಮ ಕರಾವಳಿಯಲ್ಲಿ ಮೀನಿಗೆ ಬಲೆ ಬೀಸುವವರು, ನೇತ್ರಾಣಿಯ ಕಡೆ ಮುಳುಗಿ ಹವಳ ನೋಡಲು ಹೋಗುವವರು ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಒಂದು ದಿನ ವಿಚಿತ್ರವಾದ ಕಲ್ಲು ಕಂಡೀತು. ಅವರಲ್ಲಿ ನನ್ನದೊಂದೇ ವಿನಂತಿ: ದಯವಿಟ್ಟು ಅದನ್ನು ಎತ್ತಬೇಡಿ, ಮನೆಗೆ ತರಬೇಡಿ, ಉಜ್ಜಿ ತೊಳೆಯಬೇಡಿ. ಇದ್ದಲ್ಲೇ ಫೋಟೊ ತೆಗೆಯಿರಿ, ಪಕ್ಕದಲ್ಲಿ ಏನಿದೆ ಎಂಬುದೂ ಕಾಣುವಂತೆ ತೆಗೆಯಿರಿ, ಜಾಗ ಮತ್ತು ಆಳ ಬರೆದಿಟ್ಟುಕೊಳ್ಳಿ, ಪುರಾತತ್ವ ಇಲಾಖೆಗೆ ಇಲ್ಲವೇ ಗೋವಾದ ಸಮುದ್ರವಿಜ್ಞಾನ ಸಂಸ್ಥೆಗೆ ತಿಳಿಸಿ. ಜಾಗ ಬಿಟ್ಟು ಮೇಲೆ ಬಂದ ಕಲ್ಲನ್ನು ಮನುಷ್ಯ ಮಾಡಿದನೋ ಕಡಲು ಮಾಡಿತೋ ಎಂದು ಹೇಳುವುದು ಆಮೇಲೆ ಎಷ್ಟೋ ಸಲ ಯಾರಿಗೂ ಆಗುವುದಿಲ್ಲ.